ನೋವಿಲ್ಲದ ದೋಷ

ಜವಳಿ ವ್ಯಾಪಾರದಲ್ಲಿ ನಲವತ್ತು ವರ್ಷ ಸವೆಸಿದ ಹಿರಿಯರೊಬ್ಬರಿಗೆ ನಡಿಗೆಯೇ ಭಾರವಾಯಿತು. ನೂರು ಹೆಜ್ಜೆಗೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ಕಾಲ್ಬೆರಳಿನ ಗಾಯ ಮಾಯದೆ ಉಳಿದಾಗ, ತೊಡೆಯ ಅಪಧಮನಿ ಮುಚ್ಚಿಹೋಗಿದೆಯೆಂದು ತಿಳಿದುಬಂತು. ವೈದ್ಯರು ಅವರದೇ ಕಾಲಿನ ಅಭಿಧಮನಿಯೊಂದನ್ನು ತೆಗೆದು ರಕ್ತಕ್ಕೆ ಬಳಸುದಾರಿ ಕಟ್ಟಿದರು. 1948ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಜ್ಯಾಂ ಕುನ್ಲಿನ್ ನಾಂದಿ ಹಾಡಿದ ವಿಧಾನವಿದು. ಅಭಿಧಮನಿಯೊಳಗಿನ ಕವಾಟಗಳು ಹರಿವನ್ನು ತಡೆಯದಂತೆ ಅದನ್ನು ತಲೆಕೆಳಗು ಮಾಡಿ ಜೋಡಿಸುವುದು ಅದರ ಮರ್ಮ.

ಗಾಯ ಮಾಯಿತು. ಹಿರಿಯರು ಮತ್ತೆ ಅಂಗಡಿಯ ಗಾದಿಯಲ್ಲಿ ಕುಳಿತರು. ಆರನೆಯ ತಿಂಗಳ ಪರೀಕ್ಷೆಗೆ ಮದುವೆಯ ಹಂಗಾಮು ಅಡ್ಡಬಂತು. “ನೋವೇ ಇಲ್ಲವಲ್ಲ” ಎಂದು ಮುಂದೂಡಿದರು. ಸೊಸೆ ಬಿಡಲಿಲ್ಲ. “ಮಾವನವರೇ, ಕಳವಾದ ಮೇಲಷ್ಟೇ ದಾಸ್ತಾನು ಎಣಿಸುವಿರೇನು?” ಎಂದಳು.

ಡಾಪ್ಲರ್ ಪರೀಕ್ಷೆಯಲ್ಲಿ ಒಂದೆಡೆ ರಕ್ತದ ವೇಗ ವಿಪರೀತವಾಗಿ ಏರಿತ್ತು. ಅಲ್ಲಿ ದಾರಿ ಕಿರಿದಾಗಿತ್ತು. ಅಭಿಧಮನಿ ಕಡಿಮೆ ಒತ್ತಡಕ್ಕೆ ಹೊಂದಿಕೊಂಡ ನಾಳ. ಅಪಧಮನಿಯ ಒತ್ತಡ ಅದರ ಮೇಲೆ ಬಿದ್ದಾಗ ಒಳಪದರ ದಪ್ಪವಾಗುತ್ತದೆ. ಇದು ಮಿತಿಮೀರುವುದು ಹೆಚ್ಚಾಗಿ ಮೊದಲ 2 ವರ್ಷಗಳಲ್ಲಿ. ಕಿರಿದಾಗಿರುವಾಗಲೇ ಕಂಡರೆ ದುರಸ್ತಿ ಸಾಧ್ಯ: ಆ ಭಾಗವನ್ನು ಉದ್ದಕ್ಕೆ ತೆರೆದು ಅಭಿಧಮನಿಯ ತೇಪೆ ಹೊಲಿಯಬಹುದು; ದೋಷ ಉದ್ದವಾಗಿದ್ದರೆ ಆ ತುಂಡನ್ನು ತೆಗೆದು ತೋಳಿನ ಅಭಿಧಮನಿಯನ್ನು ಕೂಡಿಸಬಹುದು; ಕೆಲವರಿಗೆ ಬಲೂನಿನಿಂದ ಹಿಗ್ಗಿಸಿದರೂ ಸಾಕು. ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿದ ಮೇಲೆ ಬಳಸುದಾರಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ, ಕಾಲಿಗೇ ಅಪಾಯ.

“ಧೂಮಪಾನ ಬಿಟ್ಟಿದ್ದೀರಲ್ಲವೆ?” ಎಂದು ವೈದ್ಯರು ಕೇಳಿದರು. ಹಿರಿಯರು ತಲೆ ತಗ್ಗಿಸಿದರು. ಮೊದಲ ಶಸ್ತ್ರಕ್ರಿಯೆಯ ದಿನ ಬಿಟ್ಟ ಸಿಗರೇಟನ್ನು ಮೂರು ತಿಂಗಳಲ್ಲಿ ಗೋದಾಮಿನ ಹಿಂದೆ ಗುಟ್ಟಾಗಿ ಮತ್ತೆ ಹಿಡಿದಿದ್ದರು. ಗಿರಾಕಿಗೆ ಒಂದು ಅಂಗುಲವನ್ನೂ ಕಡಿಮೆ ಅಳೆಯದವರು ಮನೆಮಂದಿಗೆ ಒಂಬತ್ತು ತಿಂಗಳು ಸುಳ್ಳು ಹೇಳಿದ್ದರು. ಸೊಸೆಯ ಎದುರಿನಲ್ಲಿಯೇ ಅದನ್ನು ಒಪ್ಪಿಕೊಂಡರು. ಆಕೆ ಏನೂ ಆಡಲಿಲ್ಲ. ಅವರ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು.

ಮರುವಾರ ತೋಳಿನ ಅಭಿಧಮನಿಯ ತೇಪೆಯಿಂದ ದುರಸ್ತಿ ನಡೆಯಿತು. ಕಾಲು ಉಳಿಯಿತು. ಈಗ ಪರೀಕ್ಷೆಯ ದಿನಗಳನ್ನು ಹಿರಿಯರೇ ರೋಕಡ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ.

ನೋಯುವ ದೋಷಕ್ಕೆ ಮನುಷ್ಯ ತಾನಾಗಿ ಮದ್ದು ಹುಡುಕುತ್ತಾನೆ. ನೋಯದ ದೋಷಕ್ಕೆ ಮಾತ್ರ ಎಚ್ಚರ ಬೇಕು. ತೋರಿಸಿಕೊಟ್ಟವರ ಮುಂದೆ ಸತ್ಯ ನುಡಿಯುವ ಧೈರ್ಯವೂ ಬೇಕು.