ಊದಿದರೆ ಓಡುವ ಯಂತ್ರ

ಯಲಹಂಕದಿಂದ ಹೊರಟ ಬಸ್ಸಿನ ಕಿಟಕಿಯಲ್ಲಿ ಹೆಬ್ಬಾಳ ಕೆರೆ ಕಾಣಿಸಿ ಮರೆಯಾಯಿತು. ಮಡಿಲಲ್ಲಿ ತಮ್ಮನ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅದು. ಈಗ ತಮ್ಮನ ಮಗ ಅದನ್ನೇ ಆಡಬೇಕೆಂದು ಹಟ ಹಿಡಿದಿದ್ದಾನೆ. ಪರದೆಯ ಮೇಲೆ ಬರೀ ಚೌಕಗಳು.

ಆರ್.ಟಿ. ನಗರದ ಒಳರಸ್ತೆಯೊಂದರಲ್ಲಿ ಟಿ.ವಿ. ರಿಪೇರಿ ಅಂಗಡಿ. ಹುಡುಗ ಪೆಟ್ಟಿಗೆ ಬಿಚ್ಚಿ ಮೀಟರ್ ಹಿಡಿದ. 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಆಮೇಲೆ ಕ್ಯಾಸೆಟ್ಟಿನ 60 ತಾಮ್ರದ ಪಟ್ಟಿಗಳನ್ನು ದೀಪಕ್ಕೆ ಹಿಡಿದು ನಕ್ಕ.

‘ತುಂಬಾ ಊದಿದ್ದೀರಿ ಅಲ್ವಾ, ಮೇಷ್ಟ್ರೇ?’

ಹೌದು, ಊದಿದ್ದೆವು. ಆಗ ಆಟ ಓಡುತ್ತಿದ್ದುದೂ ನಿಜ. ಆದರೆ ಓಡಿಸಿದ್ದು ಉಸಿರಲ್ಲ. ಕ್ಯಾಸೆಟ್ ತೆಗೆದು ಮತ್ತೆ ಹಾಕುವಾಗಿನ ಉಜ್ಜುವಿಕೆ. ಉಸಿರಿನ ತೇವ ಲೋಹವನ್ನು ಮೆಲ್ಲಗೆ ತಿನ್ನುತ್ತಿತ್ತು.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದ, ಹತ್ತಿ ಕಪ್ಪಾಯಿತು. ಪೂರ್ತಿ ಒಣಗಿದ ಮೇಲೆಯೇ ಸ್ವಿಚ್ ಒತ್ತಿದ. ಅಂಗಡಿಯ ಮೂಲೆಯ ಟಿ.ವಿ.ಯಲ್ಲಿ ಆಟ ಮೂಡಿತು.

ಗಾಳಿ, ತೇವ ಸೇರಿದರೆ ಲೋಹಕ್ಕೆ ಕೇಡು ಎಂದು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ತಮ್ಮನಿಗೆ ಊದಲು ಕಲಿಸಿದವನೂ ನಾನೇ! ಈ ಪಾಠವನ್ನು ಅವನ ಮಗನಿಗಾದರೂ ಸರಿಯಾಗಿ ಹೇಳಬೇಕು.