"ಎಂಬಿಬಿಎಸ್ ಸಿಗ್ಲಿಲ್ವಾ?"



ನಮ್ಮಣ್ಣನ ಮಗಳು ಈಗ ಬಿಡಿಎಸ್ ಕೊನೇ ವರ್ಷ. ಸೇರಿದ ದಿನದಿಂದ ಅವಳಿಗೆ ಎದುರಾಗೋ ಪ್ರಶ್ನೆ ಒಂದೇ: "ಯಾಕಮ್ಮಾ, ಎಂಬಿಬಿಎಸ್ ಸಿಗ್ಲಿಲ್ವಾ?" ನೆಂಟರು ಕೇಳ್ತಾರೆ, ನಮ್ಮ ಆಫೀಸಿನವರು ಕೇಳ್ತಾರೆ. ಕೆಲವರು ಬಾಲ ಸೇರಿಸ್ತಾರೆ, "ನಿಮಗೆ ರಿಸರ್ವೇಷನ್ ಇದೆಯಲ್ಲಾ, ಆದ್ರೂ ಸಿಗ್ಲಿಲ್ವಾ?" ನಾನೂ ಕೇಳಿದ್ದೆ ಅನ್ನೋದನ್ನ ಇಲ್ಲಿ ಒಪ್ಕೋಬೇಕು. ನೀಟ್ ಫಲಿತಾಂಶ ಬಂದ ದಿನ, ಇನ್ನೊಂದು ವರ್ಷ ಕೂತು ಓದು, ಡೆಂಟಲ್ ಬೇಡ ಅಂತ ಹಟ ಹಿಡಿದವನು ನಾನೇ. ಸರ್ಕಾರಿ ಕೋಟಾದಲ್ಲಿ ಡೆಂಟಲ್ ಸೀಟು ಬರೋ ಹಾಗಿತ್ತು, ಅವಳು ಅದನ್ನೇ ತಗೊಂಡ್ಲು. ಎರಡು ತಿಂಗಳು ನಾನು ಸರಿಯಾಗಿ ಮಾತಾಡಿಸಿರಲಿಲ್ಲ.

ಮೊನ್ನೆ ರಜೆಗೆ ಬಂದಾಗ, ನಿನ್ನ ಬಗ್ಗೆ ಒಂದು ಪೋಸ್ಟ್ ಬರೀತೀನಿ ಅಂದೆ. ಕೇರಿಯ ಮೊದಲ ದಂತವೈದ್ಯೆ, ಜನಸೇವೆಗೆ ಮುಡಿಪು, ಹೀಗೆ ಏನೇನೋ ತಲೇಲಿತ್ತು.

"ಚಿಕ್ಕಪ್ಪಾ, ಸೇವೆ ಅಂತ ಮಾತ್ರ ಬರೀಬೇಡಿ. ನಮ್ಮ ಬ್ಯಾಚಲ್ಲಿ ಅಪ್ಪನ ಕ್ಲಿನಿಕ್ಕಲ್ಲೇ ಹೋಗಿ ಕೂರೋರಿದ್ದಾರೆ. ಅವರನ್ನ ಯಾರೂ ಸೇವೆ ಮಾಡ್ತೀಯಾ ಅಂತ ಕೇಳಲ್ಲ. ನನ್ನನ್ನ ಯಾಕೆ ಕೇಳ್ತೀರಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಹಾಗಾದ್ರೆ ನಿಜ ಹೇಳು, ಯಾಕೆ ತಗೊಂಡೆ ಅಂದೆ. ಹಲ್ಲು ತೋರಿಸಿದ್ಲು.

ನಮ್ಮದು ಪಾವಗಡದ ಕಡೆ. ಗೊತ್ತಿರೋರಿಗೆ ಇಷ್ಟು ಸಾಕು. ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ನಿಯಮ. ದಾಟಿದ ನೀರು ಕುಡಿದ ಮಗುವಿನ ಹೊಸ ಹಲ್ಲು ದವಡೆಯೊಳಗೆ ಬೆಳೆಯೋವಾಗಲೇ ಕೆಡುತ್ತೆ. ಮೊದಲು ಸುಣ್ಣದಂಥ ಚುಕ್ಕೆ, ಆಮೇಲೆ ಕಂದು ಪಟ್ಟಿ. ಯಾವ ಪೇಸ್ಟಲ್ಲಿ ಎಷ್ಟು ಉಜ್ಜಿದ್ರೂ ಹೋಗಲ್ಲ. ಪಿಯುಸಿಗೆ ದೂರದ ಹಾಸ್ಟೆಲ್ ಸೇರಿದಾಗ ಮೊದಲ ವಾರವೇ, "ನೀನು ಹಲ್ಲುಜ್ಜಲ್ವಾ?" ಅಂದ್ರಂತೆ. ನಮ್ಮ ಮಕ್ಕಳಿಗೆ ಅದು ಬರೀ ಹಲ್ಲಿನ ಪ್ರಶ್ನೆ ಅಲ್ಲ. "ಗಲೀಜು" ಅನ್ನೋ ಮಾತಿನ ಹಿಂದೆ ಏನಿರುತ್ತೆ ಅಂತ ಇಲ್ಲಿರೋ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ. ಎರಡು ವರ್ಷ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕಿದ್ದಾಳೆ. ಬೀಳ್ಕೊಡುಗೆ ದಿನದ ಗುಂಪು ಫೋಟೋ ನಮ್ಮ ಮನೇಲಿದೆ, ಎಲ್ಲರೂ ನಗ್ತಿದ್ರೆ ಇವಳ ತುಟಿ ಬಿಗಿ. ಹುಡುಗಿ ಗಂಭೀರ ಸ್ವಭಾವ ಅಂತ ನಾವು ಹೇಳ್ಕೊಂಡು ತಿರುಗ್ತಿದ್ವಿ.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದದ್ದನ್ನ ನಾನು ಪ್ರತಿ ವರ್ಷ ಭಾಷಣದಲ್ಲಿ ಹೇಳ್ತೀನಿ. ನಮ್ಮ ಕೇರಿಗೆ ಅಂತಲೇ ಬೋರ್‌ವೆಲ್ ಬರೋಕೆ ಅರ್ಜಿ ಬರೆದವನೂ ನಾನೇ. ಆ ನೀರಲ್ಲಿ ಏನಿದೆ ಅಂತ ಒಂದು ದಿನ ಕೇಳಲಿಲ್ಲ. ಊರೊಳಗಿನ ಮಕ್ಕಳ ಹಲ್ಲೂ ಕಂದೇ, ಸುಳ್ಳು ಹೇಳಬಾರದು, ಫ್ಲೋರೈಡ್ ಜಾತಿ ನೋಡಲ್ಲ. ಆದ್ರೆ ದಿನಾ ಕ್ಯಾನ್ ತಗೊಂಡು ಹೋಗಿ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕೋ ಶಕ್ತಿ ಎಲ್ಲರ ಮನೇಲೂ ಒಂದೇ ಅಲ್ಲ. ಕೂಲಿ ಇಲ್ಲದ ವಾರ ನಮ್ಮವರಿಗೆ ಅದೇ ಬೋರ್ ನೀರು.

ಇನ್ನೊಂದು ಕಾರಣಾನೂ ಹೇಳಿದ್ಲು. ಮುಂದೆ ಸ್ವಂತ ಕ್ಲಿನಿಕ್ ಹಾಕಬಹುದು, ಕೆಲಸಕ್ಕೆ ಅಂತ ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ, ದುಡ್ಡು ಮಾಡಬಹುದು. ಹೀಗೇ ಹೇಳಿದ್ಲು, ದುಡ್ಡು ಅಂತಲೇ. ಇಪ್ಪತ್ತು ವರ್ಷದಿಂದ ಫೈಲು ಹಿಡಿದು ಸಾಹೇಬರ ಟೇಬಲ್ ಮುಂದೆ ನಿಲ್ಲೋ ನನಗೆ ಇದು ಬೇಗ ಅರ್ಥ ಆಯ್ತು.

ಮೂರನೇ ವರ್ಷದಲ್ಲಿ ಒಬ್ಬಾಕೆ ಕುರ್ಚಿ ಮೇಲೆ ಕೂತು ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ "ನೀವು ಯಾವ ಜನ?" ಅಂದ್ರಂತೆ. ಹೇಳಿದ್ದಾಳೆ. ಆಕೆ ಎದ್ದು ಬೇರೆ ಹುಡುಗಿ ಹತ್ರ ಹೋದ್ರಂತೆ. ಇವಳು ಮುಂದಿನ ನಂಬರ್ ಕರೆದ್ಲಂತೆ. ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ್ರೆ, "ಹೇಳಿದ್ರೆ ನೀವು ಧರಣಿ ಕೂರ್ತಿದ್ರಿ, ನಂಗೆ ಪರೀಕ್ಷೆ ಇತ್ತು" ಅಂದ್ಲು.

ಡೆಂಟಲ್ ಓದೋರು ಪರೀಕ್ಷೆಗೆ ಮುಂಚೆ ಇಷ್ಟು ಕೇಸ್ ಮುಗಿಸಬೇಕು ಅಂತ ಲೆಕ್ಕ ಇರುತ್ತೆ. ಪೇಷಂಟ್ ಸಿಗದಿದ್ರೆ ಮನೆಯವರನ್ನೇ ಕರೆಸ್ತಾರೆ. ಪೂರ್ತಿ ಹಲ್ಲಿನ ಸೆಟ್ಟು ಕಟ್ಟೋ ಕೇಸಿಗೆ ಇವಳು ಕರೆಸಿದ್ದು ನಮ್ಮ ಅವ್ವನ್ನ. ಎಲೆಅಡಿಕೆ, ಹೊಗೆಸೊಪ್ಪು ಹಾಕಿ ಹಾಕಿ ವಸಡು ಸಡಿಲಾಗಿ ಅವ್ವನ ಹಲ್ಲೆಲ್ಲಾ ಯಾವತ್ತೋ ಉದುರಿದ್ವು. ಅಚ್ಚು ತೆಗೆಯೋಕೆ, ಮೇಣದಲ್ಲಿ ಅಳತೆ ನೋಡೋಕೆ, ಕೂರಿಸೋಕೆ ಅಂತ ಐದು ಸಲ ಹೋಗಿಬಂದ್ವಿ, ನನ್ನ ಐದು ಸಿಎಲ್ ಖಾಲಿ. ಮೊದಲ ದಿನ ಅವ್ವ ಆ ಕುರ್ಚಿ ಮುಂದೆ ನಿಂತೇ ಇದ್ಲು. ಗೌಡರ ಹಟ್ಟಿಯಲ್ಲಿ ಮೇಲಿಂದ ಹುಯ್ಯೋ ನೀರಿಗೆ ಬೊಗಸೆ ಹಿಡಿದು ಕುಡಿದ ಹೆಂಗಸು ಅದು, ಪಕ್ಕದ ಕುರ್ಚೀಲಿ ಜನಿವಾರ ಹಾಕ್ಕೊಂಡಿದ್ದ ಹಿರಿಯರೊಬ್ಬರು ಬಾಯಿ ತೆರೆದು ಒರಗಿದ್ರು. "ಅಜ್ಜೀ, ಕೂತ್ಕೋ" ಅಂತ ಮೊಮ್ಮಗಳು ತೋಳು ಹಿಡಿದು ಕೂರಿಸಿದ್ಲು. ಆಮೇಲೆ ಗ್ಲೌಸ್ ಬದಲಾಯಿಸಿ ಆ ಹಿರಿಯರ ಅಚ್ಚನ್ನೂ ಇವಳೇ ತೆಗೆದ್ಲು. ಅವ್ವ ಕಣ್ಣು ಮಿಟುಕಿಸದೆ ಅದನ್ನೇ ನೋಡ್ತಾ ಇದ್ಲು.

ಐದನೇ ಸಲ ಸೆಟ್ಟು ಕೂರಿಸಿ ಕೈಗೆ ಕನ್ನಡಿ ಕೊಟ್ಲು. ಅವ್ವ ಸುಮಾರು ಹೊತ್ತು ನೋಡ್ಕೊಂಡು ಕೇಳಿದ್ದು ಒಂದೇ, "ಎಲೆಅಡಿಕೆ ಹಾಕ್ಬೋದೇನವ್ವಾ?"

"ಹಾಕಿದ್ರೆ ಸೆಟ್ಟು ವಾಪಸ್ ಇಸ್ಕೋತೀನಿ" ಅಂದ್ಲು ಇವಳು, ಬಾಯಿಗೆ ಕೈ ಅಡ್ಡ ಇಡದೇ ನಗ್ತಾ.