ಬಂತಾ? ಹೋಯ್ತು!

ಸಕಲೇಶಪುರದ ನಮ್ಮ ಕೇರಿಯಲ್ಲಿ ಭಾನುವಾರ ಬೆಳಿಗ್ಗೆ ಯಾರದಾದರೂ ತಾರಸಿಯಿಂದ "ಬಂತಾ?" ಎಂಬ ಕೂಗು ಕೇಳಿದರೆ ಅಲ್ಲಿ ನಾನಿದ್ದೇನೆ ಎಂದು ಅರ್ಥ. ಕೆಳಗಿನ ಕೋಣೆಯಿಂದ "ಇಲ್ಲ" ಎನ್ನುತ್ತದೆ ಒಂದು ದನಿ. ಡಿಶ್ಶಿನ ಅಂಚನ್ನು ಎಳ್ಳಿನಷ್ಟು ಸರಿಸುತ್ತೇನೆ. "ಬಂತು!" ಖುಷಿಯಿಂದ ಕೈ ಬಿಡುತ್ತೇನೆ. "ಹೋಯ್ತು!" ಕೆಲವರಿಗೆ ಗಾಳ ಹಾಕುವ ಹುಚ್ಚು, ಕೆಲವರಿಗೆ ಇಸ್ಪೀಟಿನದು. ನನಗೆ ಡಿಶ್ ಕೂರಿಸುವುದು. ಹೊಳೆಯ ಬದಲು ಆಕಾಶ, ಅಷ್ಟೇ ವ್ಯತ್ಯಾಸ.

"ಯಾವ ಡಿಶ್ ತಗೊಳ್ಳಲಿ ಅಣ್ಣ?" ಎಂದು ಕೇಳಿಕೊಂಡು ಬರುವವರಿಗೆ ನನ್ನದು ಒಂದೇ ಉತ್ತರ: "ಅಂಗಡಿಗೆ ಆಮೇಲೆ ಹೋಗೋಣ, ಮೊದಲು ಅಂಗಳಕ್ಕೆ ನಡಿ." ಡಿಶ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬರಿದಾದ ಒಂದು ತುಂಡು ಆಕಾಶ ಎಲ್ಲರ ಮನೆಯ ಮೇಲೂ ಇರುವುದಿಲ್ಲ.

ತಿಂಗಳ ಬಾಡಿಗೆಯ ಕಾಟ ಬೇಡ ಎನ್ನುವವರಿಗೆ 2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಉಚಿತ ಸೇವೆ ಇದೆ. ಈಗ ಅದಕ್ಕೆ ಡಿಡಿ ಫ್ರೀ ಡಿಶ್ ಎಂದು ಹೆಸರು. ಚಂದನವೂ ಅದರಲ್ಲಿ ಬರುತ್ತದೆ. ಅದನ್ನು ಹೊತ್ತಿರುವುದು 2015ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-15. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ವಾಸ. ಅದರ ಲಗಾಮು ಇರುವುದು ಮಾತ್ರ ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ, ನನ್ನ ತಾರಸಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಈ ನೆಂಟಸ್ತಿಕೆ ನೆನಪಾದಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ.

ನಮ್ಮೂರಿನಿಂದ ಆ ಉಪಗ್ರಹ ಆಗ್ನೇಯಕ್ಕಿದೆ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲೆ. ವಾಸ್ತು ಪ್ರಕಾರ ಡಿಶ್ ಈಶಾನ್ಯಕ್ಕೆ ಬರಬೇಕೆಂದು ಒಬ್ಬ ಹಿರಿಯರು ಹಟ ಹಿಡಿದರು. "ಯಜಮಾನ್ರೇ, ಡಿಶ್ಶನ್ನು ಯಾವ ಮೂಲೆಯಲ್ಲಾದರೂ ಇಡಿ, ಮುಖ ಮಾತ್ರ ಅಡುಗೆಮನೆ ಮೂಲೆಯ ಕಡೆಗಿರಲಿ" ಎಂದೆ. ಒಪ್ಪಿದರು.

ಹೊಸಬರನ್ನು ಏಮಾರಿಸುವುದು ಡಿಶ್ಶಿನ ಮುಖವೇ. ಮನೆಗಳ ಮೇಲಿನ ಸಣ್ಣ ಡಿಶ್ಶಿಗೆ ಓರೆಗಣ್ಣು. ಅದರ ಮುಖ ನೋಡಿದರೆ ಪಕ್ಕದ ಮನೆಯ ಹೆಂಚನ್ನು ದಿಟ್ಟಿಸುತ್ತಿದೆ ಅನ್ನಿಸುತ್ತದೆ, ನಿಜಕ್ಕೂ ಅದು ನೋಡುವುದು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ. ಹಾಗಾಗಿ ಎದುರಿನ ಗೋಡೆಗೆ ಹೆದರಬೇಡಿ, ಎತ್ತರದ ಮರಕ್ಕೆ ಹೆದರಿ. ನಮ್ಮ ಕಡೆಗೆ ನನ್ನ ಲೆಕ್ಕ ಹೀಗೆ: ಡಿಶ್ಶಿಗಿಂತ ಮರ ಎಷ್ಟು ಎತ್ತರವೋ, ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿರಬೇಕು. ಈ ಲೆಕ್ಕ ಕಲಿತದ್ದು ಪೆಟ್ಟು ತಿಂದ ಮೇಲೆ. ತೋಟದಂಚಿನಲ್ಲಿ ಮೊಣಕಾಲೆತ್ತರದ ಸಿಲ್ವರ್ ಓಕ್ ಸಸಿ ಇತ್ತು, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನನ್ನದೇ ಡಿಶ್ ನೆಟ್ಟೆ. ಕೆಲವು ವರ್ಷಗಳಲ್ಲಿ ಸಸಿ ಮರವಾಯಿತು, ಚಂದನ ಚೌಕಚೌಕವಾಗಿ ಒಡೆಯಿತು. ಮರಕ್ಕೆ ಅಷ್ಟರಲ್ಲಿ ಮೆಣಸಿನ ಬಳ್ಳಿ ಹಬ್ಬಿತ್ತು. ಕಿತ್ತದ್ದು ಡಿಶ್ಶನ್ನೇ.

ಇನ್ನು ಅಂಗಡಿಗೆ ಹೋಗಬಹುದು. ಎರಡು ಅಡಿ ಅಗಲದ ಡಿಶ್ ಸಾಕು. ತಗಡು ಡೊಂಕಾಗಿಲ್ಲವೇ ನೋಡಿ. ಬಾಕ್ಸ್ ಎಂಪೆಗ್-4 ಇರಲಿ, ಹಳೆಯದರಲ್ಲಿ ಕೆಲವು ಚಾನೆಲ್ ಮೂಡುವುದೇ ಇಲ್ಲ. ಕೇಬಲ್ಲಿನಲ್ಲಿ ಜುಗ್ಗತನ ಮಾಡಬೇಡಿ, ನಡುವೆ ಗಂಟು ಹಾಕಿ ಜೋಡಿಸಬೇಡಿ. ಕಂಬ ನೆಡುವಾಗ ಗಾರೆಯವರ ರಸಮಟ್ಟ ತಂದು ಸುತ್ತಲೂ ಇಟ್ಟು ನೋಡಿ. ಕಂಬ ವಾಲಿದರೆ ಮುಂದಿನ ಕೋನಗಳೆಲ್ಲ ಸುಳ್ಳು ಹೇಳುತ್ತವೆ. ಎಲ್‌ಎನ್‌ಬಿ ಎಂಬ ಆ ಪುಟ್ಟ ಬುರುಡೆಯನ್ನು ನೆಟ್ಟಗೆ ಕೂರಿಸಿದರೆ ಸಾಲದು. ಉಪಗ್ರಹ ನಮ್ಮ ನೇರಕ್ಕಿಲ್ಲ, ಬದಿಗಿದೆ. ಹಾಗಾಗಿ ಬುರುಡೆಯ ಕತ್ತನ್ನೂ ಸಾಕಷ್ಟು ತಿರುಚಬೇಕು.

ಆಮೇಲೆ ತಾಳ್ಮೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಡಿಶ್ಶಿನ ಅಂಚು ಅರ್ಧ ಅಂಗುಲ ಸರಿದರೆ ಎರಡು ಡಿಗ್ರಿ ದಾಟಿತು, ಅಷ್ಟೆತ್ತರದಲ್ಲಿ ಅದು ಸಾವಿರ ಕಿಲೋಮೀಟರಿಗೂ ಮೀರಿದ ತಪ್ಪು. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಪಟ್ಟಿ ಬಾಯಿಬಡುಕ, ಗೋಡೆಗೆ ಮುಖ ಮಾಡಿದರೂ ಏರಿಬಿಡುತ್ತದೆ. ನಂಬಬೇಕಾದ್ದು ಕ್ವಾಲಿಟಿ ಪಟ್ಟಿಯನ್ನು. ಒಂದಿಷ್ಟು ಸರಿಸಿ, ನಾಲ್ಕೈದು ಎಣಿಸಿ, ಮತ್ತೆ ಸರಿಸಿ. ಬಾಕ್ಸಿಗೆ ಉಪಗ್ರಹದ ಗುರುತು ಹತ್ತಲು ಅಷ್ಟು ಹೊತ್ತು ಬೇಕು. ಕೊನೆಗೆ ಆ ಪಟ್ಟಿ ಚಂಗನೆ ನೆಗೆದು, ಕೆಳಗಿನಿಂದ "ಬಂತು, ಬಂತು, ಮುಟ್ಟಬೇಡ!" ಎಂಬ ಕೂಗು ಎದ್ದಾಗ ಆಗುವ ಸುಖಕ್ಕೆ ನಾನು ಎಷ್ಟು ಏಣಿ ಬೇಕಾದರೂ ಹತ್ತಿಯೇನು. ಬೋಲ್ಟನ್ನು ಮಾತ್ರ ಉಸಿರು ಬಿಗಿಹಿಡಿದು ಬಿಗಿಯಬೇಕು. ಕೊನೆಯ ಸುತ್ತಿನಲ್ಲೇ ಅದು ಜಾರುವುದು.

ಇಷ್ಟೆಲ್ಲ ಮಾಡಿದರೂ ಮಾರ್ಚಿನ ಕೆಲವು ದಿನ ಸೂರ್ಯ ಉಪಗ್ರಹದ ಹಿಂದೆಯೇ ಬಂದು ನಿಂತು ಕೆಲವು ನಿಮಿಷ ಗದ್ದಲ ಎಬ್ಬಿಸುತ್ತಾನೆ, ಸೆಪ್ಟೆಂಬರಿನ ಕೊನೆಗೆ ಇನ್ನೊಮ್ಮೆ. ಅದಕ್ಕೆ ಏಣಿ ಹತ್ತಬೇಡಿ. ಮಲೆನಾಡಿನ ಮಳೆ ಇನ್ನೂ ಕಿಲಾಡಿ. ಈ ಅಲೆಗಳ ಉದ್ದ ಸುಮಾರು ಒಂದು ಅಂಗುಲ, ದಪ್ಪ ಹನಿಗಳು ಅವನ್ನು ದಾರಿಯಲ್ಲೇ ಕುಡಿದುಬಿಡುತ್ತವೆ.

ಹೋದ ಆಷಾಢದಲ್ಲಿ ಆಚೆಮನೆ ಅಕ್ಕ ಸೆರಗು ತಲೆಗೆ ಹೊದ್ದು ಬಾಗಿಲಿಗೆ ಬಂದರು. "ಬಿಟ್ಟಿ ಟಿವಿ ಅಂದಿದ್ದೆಯಲ್ಲೋ, ನೋಡು, ಏನೂ ಬರ್ತಿಲ್ಲ!"

"ಮಳೆ ಬರ್ತಿದೆಯಲ್ಲ ಅಕ್ಕ, ಅದನ್ನೇ ನೋಡಿ. ಅದೂ ಮೇಲಿಂದಲೇ ಬರೋದು, ಅದಕ್ಕೂ ತಿಂಗಳ ದುಡ್ಡಿಲ್ಲ" ಎಂದೆ.

ಬೈದರು. ಬೈಯುತ್ತಲೇ ನಮ್ಮ ಜಗಲಿಯಲ್ಲಿ ಕೂತರು. ಕಾಫಿ ಬಂತು.